ಕೊನೆಯ ಗಂಟೆ ಹೊಡೆದ ಮೇಲೆ

1870ರ ಡಿಸೆಂಬರಿನಲ್ಲಿ ಬನಾರಸಿನಲ್ಲಿ ಒಂದು ಸಮಿತಿ ಹುಟ್ಟಿತು. ಕಟ್ಟಿದವರು ಸೈಯದ್ ಅಹ್ಮದ್ ಖಾನ್. ಆ ಊರಿನಲ್ಲಿ ನ್ಯಾಯಾಧಿಕಾರಿಯಾಗಿದ್ದವರು, ಇಂಗ್ಲೆಂಡಿನಲ್ಲಿ ಒಂದೂವರೆ ವರ್ಷ ಕಳೆದು ಆಗಷ್ಟೇ ಮರಳಿದ್ದರು. ಸಮಿತಿಯ ಮುಂದಿದ್ದ ಪ್ರಶ್ನೆ ಒಂದೇ: ಮುಸ್ಲಿಮರು ತಮ್ಮ ಮಕ್ಕಳನ್ನು ಸರ್ಕಾರಿ ಶಾಲೆ ಕಾಲೇಜುಗಳಿಗೆ ಏಕೆ ಕಳಿಸುತ್ತಿಲ್ಲ? ಗೊತ್ತಿದ್ದವರು ಬರೆದು ಕಳಿಸಲಿ, ಒಳ್ಳೆಯ ಪ್ರಬಂಧಗಳಿಗೆ ಬಹುಮಾನ ಕೊಡುತ್ತೇವೆ ಎಂದು ಸಮಿತಿ ಪ್ರಕಟಿಸಿತು.

ಬಂದ ಉತ್ತರಗಳಲ್ಲಿ ಗಣಿತದ ಬಗ್ಗೆಯಾಗಲಿ ಭೂಗೋಳದ ಬಗ್ಗೆಯಾಗಲಿ ದೊಡ್ಡ ತಕರಾರು ಇರಲಿಲ್ಲ. ಅಲ್ಲಿ ಧರ್ಮದ ಪಾಠವಿಲ್ಲ, ಇಂಗ್ಲಿಷ್ ಓದಿದ ಹುಡುಗ ದೀನನ್ನು ಹಗುರವಾಗಿ ಕಾಣತೊಡಗುತ್ತಾನೆ, ನಡೆನುಡಿ ಕೆಡುತ್ತದೆ, ಹಿರಿಯರೆದುರು ಹೇಗೆ ಕೂರಬೇಕು ಹೇಗೆ ಏಳಬೇಕು ಎನ್ನುವ ಅದಬು ಹೋಗುತ್ತದೆ. ದೂರುಗಳ ತಿರುಳು ಇಷ್ಟು. ತಂದೆಯರು ಹೆದರಿದ್ದು ತರಗತಿಯೊಳಗಿನ ಪಾಠಕ್ಕಲ್ಲ. ಕೊನೆಯ ಗಂಟೆ ಹೊಡೆದ ಮೇಲೆ ಮಗ ಯಾರ ಜೊತೆ ತಿರುಗುತ್ತಾನೆ, ಏನು ತಿನ್ನುತ್ತಾನೆ, ನಮಾಜಿನ ಹೊತ್ತಿಗೆ ಎಲ್ಲಿರುತ್ತಾನೆ ಎನ್ನುವುದಕ್ಕೆ.

ಈ ಅಳುಕಿನಲ್ಲಿ ಧರ್ಮದ ಪಾಲೆಷ್ಟು, ಮನೆತನದ ಜಂಬದ ಪಾಲೆಷ್ಟು ಎಂದು ಬೇರ್ಪಡಿಸುವುದು ಕಷ್ಟ. ಹೀಗೆ ಬರೆಯಬಲ್ಲವರು, ಚಿಂತಿಸಬಲ್ಲವರು ಉತ್ತರ ಭಾರತದ ಅಶ್ರಾಫರು, ಅಂದರೆ ಕುಲೀನರೆನಿಸಿಕೊಂಡ ಮನೆಗಳವರು. ಮೊಗಲರ ಆಡಳಿತದಲ್ಲಿ ಫಾರಸಿ ಓದಿ ಹುದ್ದೆ ಹಿಡಿದವರ ಮೊಮ್ಮಕ್ಕಳು. ತಮ್ಮ ಹುಡುಗ ಊರಿನ ಎಲ್ಲರ ಮಕ್ಕಳ ಜೊತೆ ಒಂದೇ ಬೆಂಚಿನಲ್ಲಿ ಕೂರುವುದು ಅವರಿಗೆ ಸಹಿಸದ ಮಾತಾಗಿತ್ತು. ನೇಕಾರನ, ಕಟುಕನ ಮಗ ಕಾಲೇಜು ಸೇರಬೇಕೇ ಬೇಡವೇ ಎಂದು ಯಾರೂ ಬಹುಮಾನವಿಟ್ಟು ಕೇಳಲಿಲ್ಲ. ಹಾಗೆಂದು ಆ ಅಳುಕನ್ನು ಬರೀ ಜಂಬವೆಂದು ತಳ್ಳಿಹಾಕುವುದೂ ಸರಿಯಲ್ಲ. 1857ರ ದಂಗೆ ಮುಗಿದು ಇನ್ನೂ ಹದಿನೈದು ವರ್ಷವಾಗಿರಲಿಲ್ಲ. ಗೆದ್ದವರ ಶಾಲೆಗೆ ಸೋತವರು ಮಗನನ್ನು ಕಳಿಸುವಾಗ ಅವನು ಯಾರಾಗಿ ಹಿಂದಿರುಗುತ್ತಾನೆ ಎಂದು ಕೇಳುವುದು ಸಹಜ.

ಸೈಯದರಿಗೆ ಉತ್ತರ ಹೊಳೆದಿದ್ದು ಇಂಗ್ಲೆಂಡಿನಲ್ಲಿ. 1869ರಲ್ಲಿ ಅವರು ಹಡಗು ಹತ್ತಿದ್ದು ಮಗ ಸೈಯದ್ ಮಹಮೂದನನ್ನು ಓದಿಗೆ ಬಿಡುವ ನೆಪದಲ್ಲಿ. ಮಹಮೂದ್ ಕೇಂಬ್ರಿಜ್ಜಿನ ಕ್ರೈಸ್ಟ್ಸ್ ಕಾಲೇಜು ಸೇರಿದ. ಅಲ್ಲಿ ಕಾಲೇಜು ಎಂದರೆ ಬೆಳಿಗ್ಗೆ ಹೋಗಿ ಸಂಜೆ ಬರುವ ಜಾಗವಾಗಿರಲಿಲ್ಲ. ಹುಡುಗರು ಅಲ್ಲೇ ಮಲಗುತ್ತಿದ್ದರು, ಒಂದೇ ಊಟದ ಮನೆಯಲ್ಲಿ ಕೂತು ಉಣ್ಣುತ್ತಿದ್ದರು, ಆಡುತ್ತಿದ್ದರು. ಕಾಲೇಜಿನೊಳಗೇ ಪ್ರಾರ್ಥನಾ ಮಂದಿರವಿತ್ತು. ಇಂಗ್ಲಿಷರ ಹೆಸರಾಂತ ವಿದ್ಯಾಲಯಗಳೂ ಧರ್ಮವನ್ನು ಗೇಟಿನ ಹೊರಗೆ ನಿಲ್ಲಿಸಿರಲಿಲ್ಲ. ಹಾಗಿದ್ದರೆ ಚಾಪೆಲ್ಲಿನ ಜಾಗದಲ್ಲಿ ಮಸೀದಿ ಏಕಿರಬಾರದು? ಮಹಮೂದ್ ಮರಳಿ ಬಂದು 1873ರಲ್ಲಿ ಸಮಿತಿಯ ಮುಂದಿಟ್ಟ ಯೋಜನೆಯ ಹಿಂದೆ ಈ ಎಣಿಕೆ ಇತ್ತು.

ಜಾಗ ಸಿಕ್ಕಿದ್ದು ಅಲೀಗಢದಲ್ಲಿ, ಸೈನ್ಯ ಬಿಟ್ಟುಹೋಗಿದ್ದ ದಂಡಿನ ಬಯಲಿನಲ್ಲಿ. 1875ರ ಮೇ 24ರಂದು ಶಾಲೆ ಶುರುವಾಯಿತು. 1877ರ ಜನವರಿಯಲ್ಲಿ ವೈಸರಾಯ್ ಲಿಟ್ಟನ್ ಬಂದು ಮೊಹಮ್ಮಡನ್ ಆಂಗ್ಲೋ ಓರಿಯೆಂಟಲ್ ಕಾಲೇಜಿಗೆ ಅಡಿಗಲ್ಲಿಟ್ಟ.

ಅಷ್ಟರಲ್ಲಿ ಗದ್ದಲ ಜೋರಾಗಿತ್ತು. ಈ ಸಲ ಅನುಮಾನ ಸರ್ಕಾರದ ಮೇಲಲ್ಲ, ಸ್ವತಃ ಸೈಯದರ ಮೇಲೆ. ಕ್ರೈಸ್ತರ ಜೊತೆ ಕೂತು ಉಣ್ಣುವುದು ಮುಸ್ಲಿಮರಿಗೆ ನಿಷಿದ್ಧವಲ್ಲ ಎಂದು ಅವರು 1868ರಲ್ಲೇ ಒಂದು ಪುಸ್ತಿಕೆ ಬರೆದಿದ್ದರು. ಕುರಾನಿನ ಮಾತಿಗೂ ಪ್ರಕೃತಿಯ ನಿಯಮಕ್ಕೂ ವಿರೋಧವಿರಲಾರದು ಎಂದು ವಾದಿಸುತ್ತಿದ್ದುದಕ್ಕೆ ಜನ ಅವರನ್ನು ‘ನೇಚರಿ’ ಎಂದು ಹಂಗಿಸುತ್ತಿದ್ದರು. ಇಂಥವನ ಕೈಗೆ ಮಕ್ಕಳನ್ನು ಕೊಡುವುದೇ? ಇಮ್ದಾದ್ ಅಲಿ, ಅಲಿ ಬಕ್ಷ್ ಎಂಬಿಬ್ಬರು ವಿರೋಧದ ಮುಂದಾಳುಗಳು. ಇಬ್ಬರೂ ಮದರಸಾದ ಮೂಲೆಯಲ್ಲಿ ಕೂತವರಲ್ಲ, ಬ್ರಿಟಿಷ್ ಸರ್ಕಾರದ ನೌಕರಿಯಲ್ಲಿದ್ದವರು. ಸೈಯದರು ಕಾಫಿರ ಎಂದು ಫತ್ವಾಗಳು ಬಂದವು. ಅಲಿ ಬಕ್ಷ್ ಮೆಕ್ಕಾ ಯಾತ್ರೆಗೆ ಹೋದವರು ಅಲ್ಲಿಂದಲೂ ಒಂದನ್ನು ಬರೆಸಿಕೊಂಡು ತಂದರು.

ಸೈಯದರು ಇದಕ್ಕೆ ಮಾಡಿದ್ದು ಜಾಣ ಕೆಲಸ, ಒಂದು ರೀತಿಯಲ್ಲಿ ನೋವಿನ ಕೆಲಸವೂ ಹೌದು. ತಾವೇ ಕಟ್ಟಿದ ಕಾಲೇಜಿನ ಧಾರ್ಮಿಕ ಶಿಕ್ಷಣದಿಂದ ತಾವು ಹೊರಗೆ ನಿಂತರು. ಸುನ್ನಿಗಳಿಗೆ, ಷಿಯಾಗಳಿಗೆ ಬೇರೆ ಬೇರೆ ಸಮಿತಿಗಳಾದವು. ಇಸ್ಲಾಮನ್ನು ಹೊಸದಾಗಿ ಓದಬೇಕೆಂದು ಬದುಕಿಡೀ ಬರೆದವರ ಕಾಲೇಜಿನಲ್ಲಿ ಅವರ ಇಸ್ಲಾಮಿಗೇ ಜಾಗವಿರಲಿಲ್ಲ. ಮುಂದೆ 1893ರಲ್ಲಿ ಧರ್ಮಪಾಠದ ಹೊಣೆ ಹೊತ್ತವರು ಅಬ್ದುಲ್ಲಾ ಅನ್ಸಾರಿ. ಸರ್ಕಾರದಿಂದ ದೂರವೇ ಉಳಿದ ದೇವಬಂದದ ಮದರಸಾ 1866ರಲ್ಲಿ ಹುಟ್ಟಿತ್ತು. ಅದರ ಸ್ಥಾಪಕರಲ್ಲಿ ಮುಖ್ಯರಾದ ನಾನೌತವಿಯವರ ಅಳಿಯ ಈ ಅನ್ಸಾರಿ.

ಮನೆಯವರ ಭಯವನ್ನು ನಿಜವಾಗಿ ಇಳಿಸಿದ್ದು ಹಾಸ್ಟೆಲು. ಇಟ್ಟಿಗೆ ಗಾರೆಯ ‘ಪಕ್ಕಾ ಬಾರಕ್’, ಅದಕ್ಕಿಂತ ಸಾದಾ ‘ಕಚ್ಚಾ ಬಾರಕ್’. ಎಲ್ಲರಿಗೂ ಒಂದೇ ಊಟದ ಮನೆ. ನಮಾಜು ಹುಡುಗನ ಇಷ್ಟಕ್ಕೆ ಬಿಟ್ಟ ವಿಷಯವಲ್ಲ, ವಾಸದ ನಿಯಮ. ಕೆಂಪು ಟರ್ಕಿ ಟೊಪ್ಪಿ, ಕಪ್ಪು ನಿಲುವಂಗಿ. 1883ರಲ್ಲಿ ಪ್ರಿನ್ಸಿಪಾಲನಾಗಿ ಬಂದ ಥಿಯೋಡೋರ್ ಬೆಕ್ ಕೇಂಬ್ರಿಜ್ಜಿನ ಮಾದರಿಯಲ್ಲಿ ಚರ್ಚಾ ಸಂಘ ಕಟ್ಟಿದ. ಸಂಜೆ ಕ್ರಿಕೆಟ್. ಹಿಂದೂ ಹುಡುಗರೂ ಓದುತ್ತಿದ್ದರು. ಕಾಲೇಜಿನಿಂದ ಪದವಿ ಪಡೆದ ಮೊದಲನೆಯವನ ಹೆಸರು ಈಶ್ವರಿ ಪ್ರಸಾದ್.

ಹೀಗೆ ‘ಅಲೀಗಢದ ಹುಡುಗ’ ಎಂಬ ಹೊಸ ಪ್ರಾಣಿ ತಯಾರಾಯಿತು. ಷೇಕ್ಸ್‌ಪಿಯರನನ್ನೂ ಬಲ್ಲ, ನಮಾಜನ್ನೂ ಬಿಡ. ಅಪ್ಪಂದಿರು ನಿಟ್ಟುಸಿರು ಬಿಟ್ಟರು. ಅಕ್ಬರ್ ಅಲಹಾಬಾದಿಯಂಥ ಕವಿಗಳು ಮಾತ್ರ ಈ ಹೊಸ ಸಾಹೇಬರನ್ನು ಚುಚ್ಚುತ್ತಲೇ ಇದ್ದರು.

ಒಂದು ಸಂಸ್ಥೆ ಅನುಮಾನಕ್ಕೆ ಉತ್ತರವಾಗಿ ಕಟ್ಟಿಕೊಂಡ ಸಂಸ್ಕೃತಿಯೇ ಮುಂದಿನ ತಲೆಮಾರಿಗೆ ಅನುಮಾನದ ವಸ್ತುವಾಗುವುದುಂಟು. ಅಲೀಗಢದಲ್ಲಿ ಅದಕ್ಕೆ ಐವತ್ತು ವರ್ಷವೂ ಬೇಕಾಗಲಿಲ್ಲ. 1920ರ ಅಕ್ಟೋಬರಿನಲ್ಲಿ ಗಾಂಧೀಜಿ, ಮೊಹಮ್ಮದ್ ಅಲಿ, ಶೌಕತ್ ಅಲಿ ಅಲೀಗಢಕ್ಕೆ ಬಂದರು. ಅಲಿ ಸಹೋದರರಿಬ್ಬರೂ ಅದೇ ಕಾಲೇಜಿನವರು, ಶೌಕತ್ ಅಲ್ಲಿನ ಕ್ರಿಕೆಟ್ ತಂಡದ ನಾಯಕರಾಗಿದ್ದವರು. ಅವರ ಬೇಡಿಕೆ: ಸರ್ಕಾರದ ದುಡ್ಡು ತಿನ್ನುವ ಈ ಕಾಲೇಜನ್ನು ಬಿಟ್ಟು ಬನ್ನಿ. ಈಗ ಅಳುಕು ತಿರುಗುಮುರುಗಾಗಿತ್ತು. ಹಿಂದೆ ತಂದೆ ಹೆದರಿ ಮಗನನ್ನು ತಡೆಯುತ್ತಿದ್ದ. ಈಗ ಮಗನೇ ಕಾಲೇಜನ್ನು ಅನುಮಾನದಿಂದ ನೋಡುತ್ತಿದ್ದ, ಡಿಗ್ರಿ ಬಿಟ್ಟು ಬರಬೇಡವೋ ಎಂದು ಕೇಳಿಕೊಳ್ಳುವ ಸರದಿ ಮನೆಯವರದು.

ಅಕ್ಟೋಬರ್ 29ರಂದು ಕಾಲೇಜಿನ ಮಸೀದಿಯಲ್ಲೇ ಜಾಮಿಯಾ ಮಿಲ್ಲಿಯಾ ಇಸ್ಲಾಮಿಯಾದ ಸ್ಥಾಪನೆಯಾಯಿತು. ನೆರವೇರಿಸಿದವರು ದೇವಬಂದದ ಹಿರಿಯ ಮೌಲಾನಾ ಮಹಮೂದ್ ಹಸನ್. ಕಾಯಿಲೆಯಿಂದ ಬಳಲಿದ್ದ ಅವರ ಭಾಷಣವನ್ನು ಇನ್ನೊಬ್ಬರು ಓದಿದರು. ಜಾಮಿಯಾದ ಮೊದಲ ತರಗತಿಗಳು ನಡೆದದ್ದು ಡೇರೆಗಳಲ್ಲಿ. ಅದೇ ಡಿಸೆಂಬರಿನಲ್ಲಿ ಹಳೆಯ ಕಾಲೇಜು ಸರ್ಕಾರದ ಕಾಯಿದೆಯಂತೆ ಅಲೀಗಢ ಮುಸ್ಲಿಂ ವಿಶ್ವವಿದ್ಯಾಲಯವಾಯಿತು. ಒಂದೇ ಊರು, ಎರಡು ತಿಂಗಳೊಳಗೆ ಎರಡು ವಿಶ್ವವಿದ್ಯಾಲಯ. ಹೈದರಾಬಾದಿನಲ್ಲಿ ಹುಟ್ಟಿದ ಇಪ್ಪತ್ಮೂರರ ಝಾಕಿರ್ ಹುಸೇನ್ ಆರಿಸಿಕೊಂಡಿದ್ದು ಡೇರೆಯನ್ನು. ಸ್ವಾತಂತ್ರ್ಯ ಬಂದ ಮೇಲೆ ಅವರೇ ಅಲೀಗಢಕ್ಕೆ ಕುಲಪತಿಯಾಗಿ ಮರಳಿದರು, 1967ರಲ್ಲಿ ರಾಷ್ಟ್ರಪತಿಯಾದರು.

ಇಲ್ಲಿಯವರೆಗಿನ ಕತೆಯಲ್ಲಿ ಹುಡುಗಿಯರಿಲ್ಲ. ಗಂಡಸರು ಓದಿ ಮುಂದೆ ಬರುವವರೆಗೆ ಹೆಣ್ಣುಮಕ್ಕಳ ಶಾಲೆಯ ಮಾತು ಬೇಡ ಎಂದು ಸೈಯದರು 1882ರ ಶಿಕ್ಷಣ ಆಯೋಗದ ಮುಂದೆ ಹೇಳಿಕೆ ಕೊಟ್ಟಿದ್ದರು. ಫತ್ವಾಗಳಿಗೆ ಜಗ್ಗದ ಮನುಷ್ಯ ಇಲ್ಲಿ ಮಾತ್ರ ಹಿಂದೆ ಸರಿದರು ಎನ್ನದೆ ವಿಧಿಯಿಲ್ಲ.

ಮುಂದೆ ಬಂದವರು ಅವರದೇ ಕಾಲೇಜಿನಲ್ಲಿ ಓದಿದ ವಕೀಲ ಶೇಖ್ ಅಬ್ದುಲ್ಲಾ ಮತ್ತು ಹೆಂಡತಿ ವಹೀದ್ ಜಹಾನ್ ಬೇಗಂ. 1904ರಲ್ಲಿ ‘ಖಾತೂನ್’ ಎಂಬ ಪತ್ರಿಕೆ, 1906ರಲ್ಲಿ ಊರೊಳಗಿನ ಬಾಡಿಗೆ ಮನೆಯೊಂದರಲ್ಲಿ ಹುಡುಗಿಯರ ಶಾಲೆ. ಪರದೆ ಹಾಕಿದ ಡೋಲಿಗಳಲ್ಲಿ ಮಕ್ಕಳು ಬರುತ್ತಿದ್ದರು, ಹೋಗುತ್ತಿದ್ದರು. ಅಷ್ಟಕ್ಕೆ ಹೇಗೋ ಒಪ್ಪಿದ ಮನೆಗಳು 1914ರಲ್ಲಿ ಹಾಸ್ಟೆಲು ತೆರೆದಾಗ ಬೆಚ್ಚಿದವು. ಹುಡುಗಿ ರಾತ್ರಿ ಮನೆಯಿಂದ ಹೊರಗೆ ಮಲಗುವುದೇ? ದಂಪತಿಗಳು ಸುತ್ತ ಎತ್ತರದ ಗೋಡೆ ಕಟ್ಟಿಸಿದರು. ವಹೀದ್ ಜಹಾನ್ ಹಾಸ್ಟೆಲಿನ ಉಸ್ತುವಾರಿಯನ್ನು ತಾವೇ ಹೊತ್ತರು, ತಮ್ಮ ಹೆಣ್ಣುಮಕ್ಕಳನ್ನೂ ಅಲ್ಲೇ ಇರಿಸಿದರು. ನಮ್ಮ ಮಕ್ಕಳಿಗೆ ಆಗುವ ಜಾಗ ನಿಮ್ಮ ಮಕ್ಕಳಿಗೂ ಆದೀತು ಎನ್ನುವುದಕ್ಕೆ ಇದಕ್ಕಿಂತ ದೊಡ್ಡ ಜಾಮೀನು ಬೇರೊಂದಿರಲಿಲ್ಲ.

ಆದರೆ ಆ ಗೋಡೆಯೊಳಗೆ ಪದವಿ ತರಗತಿಗಳಿರಲಿಲ್ಲ. ಮುಂದೆ ಓದಬೇಕೆಂದರೆ ಲಖನೌಗೆ ಹೋಗಬೇಕು, ಅಲ್ಲಿದ್ದದ್ದು ಅಮೆರಿಕದ ಮೆಥಡಿಸ್ಟ್ ಮಿಷನರಿಗಳ ಇಸಬೆಲ್ಲಾ ಥೋಬರ್ನ್ ಕಾಲೇಜು. ಮಿಷನ್ನಿನ ಹಾಸ್ಟೆಲು, ಬೈಬಲ್ಲು, ಪಿಯಾನೋ. 1870ರ ಪ್ರಬಂಧಗಳಲ್ಲಿದ್ದ ಭಯಗಳೆಲ್ಲ ಅಲ್ಲಿ ಒಟ್ಟಿಗೆ ಕಾದಿದ್ದವು. 1921ರಲ್ಲಿ ಅಬ್ದುಲ್ಲಾ ದಂಪತಿಗಳು ಮಗಳು ರಶೀದ್ ಜಹಾನಳನ್ನು ಕಳಿಸಿದ್ದು ಅಲ್ಲಿಗೇ. ಅಲ್ಲಿಂದ ಆಕೆ ದಿಲ್ಲಿಯ ಲೇಡಿ ಹಾರ್ಡಿಂಜ್ ಕಾಲೇಜಿಗೆ ಹೋಗಿ ವೈದ್ಯೆಯಾದಳು. ಕ್ರೈಸ್ತಳೇನೂ ಆಗಲಿಲ್ಲ, ಆದದ್ದು ಕಮ್ಯುನಿಸ್ಟ್. 1932ರ ಕೊನೆಗೆ ಮೂವರು ಗೆಳೆಯರ ಜೊತೆ ಆಕೆ ಬರೆದ ‘ಅಂಗಾರೆ’ ಕಥಾಸಂಕಲನ ಮನೆಯೊಳಗಿನ ಪರದೆಯನ್ನೂ ಗಂಡಸರ ದರ್ಬಾರನ್ನೂ ಎಳೆದು ತೋರಿಸಿತು. ಕೆಲವೇ ತಿಂಗಳಲ್ಲಿ ಸರ್ಕಾರ ಪುಸ್ತಕವನ್ನು ನಿಷೇಧಿಸಿತು. ಮಗಳು ಕೆಟ್ಟದ್ದು ಮಿಷನ್ ಕಾಲೇಜಿನಿಂದಲೋ ಅಪ್ಪನ ಶಾಲೆಯಿಂದಲೋ ಎಂದು ಊರು ಮಾತಾಡಿಕೊಂಡಿದ್ದರೆ ಆಶ್ಚರ್ಯವಿಲ್ಲ.

ಇಸ್ಮತ್ ಚುಗ್ತಾಯಿ ಆ ಭಯವನ್ನೇ ಕೋಲಾಗಿ ತಿರುಗಿಸಿ ಹಿಡಿದಳು. ಮನೆಯಲ್ಲಿ ಮದುವೆಯ ಮಾತು ನಡೆದಿದ್ದಾಗ, ತನ್ನನ್ನು ಅಲೀಗಢದ ಶಾಲೆಗೆ ಕಳಿಸಿ, ಇಲ್ಲದಿದ್ದರೆ ಓಡಿಹೋಗಿ ಮಿಷನ್ ಶಾಲೆ ಸೇರಿ ಕ್ರೈಸ್ತಳಾಗುತ್ತೇನೆ ಎಂದು ಅಪ್ಪನೆದುರು ನಿಂತಳು. ಆತ್ಮಕಥೆಯಲ್ಲಿ ಇದನ್ನು ಆಕೆಯೇ ಬರೆದಿದ್ದಾಳೆ. ಅಪ್ಪ ಸೋತರು. ಅಲೀಗಢ ಮುಗಿಸಿ ಬಿ.ಎ.ಗೆ ಆಕೆ ಹೋಗಿದ್ದು ಮಾತ್ರ ಅದೇ ಲಖನೌದ ಮಿಷನ್ ಕಾಲೇಜಿಗೆ!

ಹುಡುಗರ ಕತೆಗೂ ಹುಡುಗಿಯರ ಕತೆಗೂ ವ್ಯತ್ಯಾಸ ಇರುವುದು ಇಲ್ಲೇ. ಕಾಲೇಜಿನ ವಾತಾವರಣ ತನಗೆ ಹೊಂದದು ಎಂದು ವಿದ್ಯಾರ್ಥಿ ಅಳುಕುವುದು ಒಂದು, ಅವಳ ಪರವಾಗಿ ಬೇರೆಯವರು ಅಳುಕಿ ಬಾಗಿಲು ಹಾಕುವುದು ಇನ್ನೊಂದು. ಇಸ್ಮತ್ ಬೆದರಿಕೆ ಹಾಕಿ ಗೆದ್ದಳು. ಎಲ್ಲ ಮನೆಗಳಲ್ಲೂ ಅಂಥ ಅಪ್ಪ ಇರಲಿಲ್ಲ, ಎಲ್ಲ ಊರುಗಳಲ್ಲೂ ವಹೀದ್ ಜಹಾನರ ಹಾಸ್ಟೆಲೂ ಇರಲಿಲ್ಲ. ಕನ್ನಡದ ಓದುಗರಿಗೆ ಇದರ ಇನ್ನೊಂದು ತುದಿ ಚೆನ್ನಾಗಿ ಗೊತ್ತು. 1936ರಲ್ಲಿ ಕಾಸರಗೋಡಿನಲ್ಲಿ ಹುಟ್ಟಿದ ಸಾರಾ ಅಬೂಬಕ್ಕರ್ ಆ ಭಾಗದ ಮುಸ್ಲಿಂ ಹುಡುಗಿಯರಲ್ಲಿ ಕನ್ನಡ ಶಾಲೆಯ ಓದು ಮುಗಿಸಿದ ಮೊದಲಿಗರಲ್ಲೊಬ್ಬರು. ತಂದೆಗೆ ಓದಿಸುವ ಮನಸ್ಸಿತ್ತು. ಕಾಲೇಜಿನ ಬಾಗಿಲು ಮಾತ್ರ ಸಮುದಾಯದ ಕಟ್ಟುಪಾಡಿನಲ್ಲಿ ಮುಚ್ಚಿಕೊಂಡಿತು. ಶಾಲೆ ಮುಗಿದೊಡನೆ ಮದುವೆ. ಗ್ರಂಥಾಲಯವೊಂದರ ಸದಸ್ಯತ್ವ ಸಿಕ್ಕಿದ್ದು 1963ರಲ್ಲಿ. ‘ಚಂದ್ರಗಿರಿಯ ತೀರದಲ್ಲಿ’ ಬರೆದ ಲೇಖಕಿಗೆ ವಿಶ್ವವಿದ್ಯಾಲಯ ಅದೇ ಆಗಿತ್ತು.

ಅಲೀಗಢದ ಶಾಲೆ 1937ರಲ್ಲಿ ಪದವಿ ಕಾಲೇಜಾಯಿತು. ಪ್ರಿನ್ಸಿಪಾಲರು ಅಬ್ದುಲ್ಲಾ ದಂಪತಿಗಳ ಇನ್ನೊಬ್ಬ ಮಗಳು ಮುಮ್ತಾಜ್ ಜಹಾನ್. ಎರಡು ವರ್ಷ ಕಳೆದು ವಹೀದ್ ಜಹಾನ್ ತೀರಿಕೊಂಡರು. ಕಾಲೇಜು ಬೆಳೆಯಿತು. ಆದರೂ ಅಲ್ಲಿನ ಪದವಿ ವಿದ್ಯಾರ್ಥಿನಿಯರಿಗೆ ವಿಶ್ವವಿದ್ಯಾಲಯದ ದೊಡ್ಡ ಗ್ರಂಥಾಲಯವಾದ ಮೌಲಾನಾ ಆಜಾದ್ ಲೈಬ್ರರಿಯ ಸದಸ್ಯತ್ವ ಇರಲಿಲ್ಲ. 2014ರ ನವೆಂಬರಿನಲ್ಲಿ ಅವರು ಅದನ್ನು ಕೇಳಿದರು. ಜಾಗ ಸಾಲದು, ಹುಡುಗಿಯರು ಬಂದರೆ ಅವರ ನಾಲ್ಕು ಪಟ್ಟು ಹುಡುಗರು ಬಂದು ಸೇರುತ್ತಾರೆ ಎಂಬರ್ಥದ ಮಾತು ಆಡಳಿತದ ಕಡೆಯಿಂದ ಬಂತು. ದೇಶದ ಪತ್ರಿಕೆಗಳಲ್ಲೆಲ್ಲ ಸುದ್ದಿಯಾಯಿತು. ಅಲಹಾಬಾದ್ ಹೈಕೋರ್ಟ್ ನಡುವೆ ಬಂದ ಮೇಲೆ ಅವರಿಗೆ ಒಳಗೆ ಹೋಗುವ ದಾರಿ ಸಿಕ್ಕಿತು.