ಗುದ್ದಲಿ ಹಿಡಿದ ಸಿಪಾಯಿ ದಂಡನಾಯಕನಾದ

ನಮ್ಮ ಕೆಜಿಎಫ್ ಗಣಿಯಲ್ಲಿ ಬ್ರಿಟಿಷರ ಕಾಲಕ್ಕೆ ದೊಡ್ಡ ಹುದ್ದೆಯೆಲ್ಲ ಬಿಳಿಯರದ್ದು, ಗುದ್ದಲಿ ಮಾತ್ರ ನಮ್ಮವರದ್ದು. ಅವರ ಸೇನೆಯಲ್ಲೂ ಇದೇ ಕಥೆ. ಎಷ್ಟೇ ವರ್ಷ ದುಡಿದ ಸುಬೇದಾರನೂ ನಿನ್ನೆ ಮೊನ್ನೆ ಬಂದ ಬಿಳಿಯ ಲೆಫ್ಟಿನೆಂಟನ ಕೈಕೆಳಗೇ ಇರಬೇಕಿತ್ತು. ಈ ಗೋಡೆ ದಾಟಿದವರಲ್ಲಿ ಒಬ್ಬರು ಮುಹಮ್ಮದ್ ಮೂಸಾ.

ಮೂಸಾ ಹಜಾರಾ ಜನಾಂಗದವರು. 1890ರ ದಶಕದಲ್ಲಿ ಅಫ್ಘಾನಿಸ್ತಾನದ ಅಮೀರ ಅಬ್ದುರ್ ರಹಮಾನ್ ಹಜಾರಾಗಳನ್ನು ತುಳಿದಾಗ ಸಾವಿರಾರು ಮಂದಿ ಕ್ವೆಟ್ಟಾಕ್ಕೆ ಓಡಿಬಂದರು. 1904ರಲ್ಲಿ ಬ್ರಿಟಿಷರು ಅಲ್ಲಿಯೇ ಹಜಾರಾ ಪಯೋನಿಯರ್ಸ್ ಪಡೆ ಕಟ್ಟಿದರು. ಪಯೋನಿಯರ್ ಅಂದರೆ ಒಂದು ಕೈಯಲ್ಲಿ ಬಂದೂಕು, ಇನ್ನೊಂದರಲ್ಲಿ ಗುದ್ದಲಿ. ರಸ್ತೆ ಮಾಡಬೇಕು, ಕಂದಕ ತೋಡಬೇಕು, ಯುದ್ಧವನ್ನೂ ಮಾಡಬೇಕು.

ಮೂಸಾ 1926ರಲ್ಲಿ ಈ ಪಡೆಗೆ ಸಾಮಾನ್ಯ ಸಿಪಾಯಿಯಾಗಿ ಸೇರಿ ನಾಯಕ್ ಆದರು. 1932ರಲ್ಲಿ ಡೆಹ್ರಾಡೂನಿನಲ್ಲಿ ಸೇನಾ ಅಕಾಡೆಮಿ ತೆರೆಯಿತು. ಮೊದಲ ತಂಡದ 40 ಸೀಟುಗಳಲ್ಲಿ 15 ಸೇನೆಯೊಳಗಿನ ಸಿಪಾಯಿಗಳಿಗೆ. ಅದರಲ್ಲೊಂದು ಮೂಸಾಗೆ ಸಿಕ್ಕಿತು. ಸ್ಯಾಮ್ ಮಾಣೆಕ್‌ಷಾ ಅವರ ಸಹಪಾಠಿ.

ಅವರು ಅಲ್ಲಿ ಓದುತ್ತಿದ್ದಾಗಲೇ, 1933ರಲ್ಲಿ, ಖರ್ಚು ಉಳಿಸಲು ಹಜಾರಾ ಪಯೋನಿಯರ್ಸನ್ನೂ ಮದ್ರಾಸ್ ಪಯೋನಿಯರ್ಸನ್ನೂ ವಿಸರ್ಜಿಸಲಾಯಿತು. ಅದೇ ವರ್ಷ ಕ್ವೆಟ್ಟಾ ಸ್ಟಾಫ್ ಕಾಲೇಜಿಗೆ ಮೊದಲ ಭಾರತೀಯ ಅಧಿಕಾರಿಯಾಗಿ ಹೋದವರು ನಮ್ಮ ಕೊಡಗಿನ ಕಾರ್ಯಪ್ಪ.

ತಾಯಿಪಡೆ ಹೋಯಿತು, ಮೂಸಾ ಉಳಿದರು. ಫ್ರಾಂಟಿಯರ್ ಫೋರ್ಸ್ ರೈಫಲ್ಸ್‌ನಲ್ಲಿ ಅಧಿಕಾರಿಯಾದರು. ವಜೀರಿಸ್ತಾನ, ಎರಡನೇ ಮಹಾಯುದ್ಧದಲ್ಲಿ ಉತ್ತರ ಆಫ್ರಿಕಾ ಕಂಡರು. ದೇಶ ಒಡೆದಾಗ ಪಾಕಿಸ್ತಾನಕ್ಕೆ ಸೇರಿ, 1958ರಲ್ಲಿ ಅಲ್ಲಿನ ಸೇನೆಯ ಮುಖ್ಯಸ್ಥರಾದರು.

1965ರ ಯುದ್ಧದಲ್ಲಿ ಎದುರು ಪಾಳಯದ ದಂಡನಾಯಕ ಇದೇ ಮೂಸಾ. ಆಗ ಕಾರ್ಯಪ್ಪನವರ ಮಗ, ವಾಯುಪಡೆಯ ಪೈಲಟ್, ಪಾಕಿಸ್ತಾನದಲ್ಲಿ ಸೆರೆಯಾದರು. ಹಳೆಯ ಪರಿಚಯದ ಅಯೂಬ್ ಖಾನ್ ವಿಶೇಷ ಸವಲತ್ತು ಕೊಡಲು ಮುಂದಾದಾಗ, ಸೆರೆಸಿಕ್ಕ ಎಲ್ಲ ಸೈನಿಕರೂ ತನ್ನ ಮಕ್ಕಳೇ ಎಂದು ಕಾರ್ಯಪ್ಪ ಬೇಡವೆಂದರು. ಒಂದೇ ಸೇನೆಯಲ್ಲಿ ಬೆಳೆದವರು ಬೇಲಿಯ ಎರಡು ಬದಿಗೆ ನಿಂತಿದ್ದರು.

ಭರ್ತಿ ರ‍್ಯಾಲಿಗೆ ಹೋಗುವ ನಮ್ಮೂರ ಹುಡುಗರು ಆ 15 ಸೀಟುಗಳ ಮಾತು ನೆನಪಿಡಬೇಕು. ಸಿಪಾಯಿ ಅಧಿಕಾರಿಯಾಗುವ ದಾರಿ ಇಂದಿಗೂ ಇದೆ. ಡೆಹ್ರಾಡೂನಿನ ಆರ್ಮಿ ಕೆಡೆಟ್ ಕಾಲೇಜು ಇರುವುದೇ ಅದಕ್ಕೆ. ಸೇರಿದ ದಿನವೇ ಅದರ ಬಗ್ಗೆ ಕೇಳಿ.