ಒತ್ತಡದ ಎರಡು ಮುಖಗಳು

ಹಾಸಿಗೆ ಹಿಡಿದವರ ಬೆನ್ನಿಗೆ, ಹಿಮ್ಮಡಿಗೆ ಆಗುವ ಹುಣ್ಣು ನಮ್ಮ ಮನೆಗಳಿಗೆ ಅಪರಿಚಿತವಲ್ಲ. ‘ಮಲಗಿ ಮಲಗಿ ಹುಣ್ಣಾಯಿತು’ ಎಂಬ ಮಾತಿನಲ್ಲಿಯೇ ಅದರ ಕಾರಣವೂ ಅಡಗಿದೆ. ಆದರೆ ಈ ಸರಳ ಸತ್ಯವನ್ನು ಒಪ್ಪಲು ವೈದ್ಯಲೋಕಕ್ಕೆ ಬಹಳ ಕಾಲ ಹಿಡಿಯಿತು.

1859ರಲ್ಲಿಯೇ ಫ್ಲಾರೆನ್ಸ್ ನೈಟಿಂಗೇಲರು, ಇಂತಹ ಹುಣ್ಣು ಸಾಮಾನ್ಯವಾಗಿ ರೋಗದ ದೋಷವಲ್ಲ, ಶುಶ್ರೂಷೆಯ ದೋಷವೆಂದು ಬರೆದರು. ಮುಂದೆ ಫ್ರಾನ್ಸಿನ ಪ್ರಖ್ಯಾತ ನರರೋಗತಜ್ಞ ಷಾರ್ಕೊ ಅವರು ನರಮಂಡಲಕ್ಕೆ ಬಿದ್ದ ಪೆಟ್ಟೇ ಇದರ ಮೂಲವೆಂದು ವಾದಿಸಿದರು. ಹಾಗಿದ್ದರೆ ಆರೈಕೆ ಮಾಡಿ ಫಲವೇನು? 1944ರಲ್ಲಿ ಇಂಗ್ಲೆಂಡಿನ ಸ್ಟೋಕ್ ಮ್ಯಾಂಡೆವಿಲ್ ಆಸ್ಪತ್ರೆಯಲ್ಲಿ ಬೆನ್ನುಹುರಿಗೆ ಗಾಯವಾದ ಸೈನಿಕರ ಹೊಣೆ ಹೊತ್ತ ಲುಡ್ವಿಗ್ ಗುಟ್‌ಮನ್ನರು ಇದಕ್ಕೆ ಕೃತಿಯಿಂದಲೇ ಉತ್ತರ ಕೊಟ್ಟರು. ಹಗಲಿರುಳೆನ್ನದೆ ಎರಡು ಗಂಟೆಗೊಮ್ಮೆ ರೋಗಿಗಳ ಮಗ್ಗುಲು ಬದಲಿಸಲಾಯಿತು. ಹುಣ್ಣನ್ನು ತಡೆಯಬಹುದೆಂಬುದು ಸಿದ್ಧವಾಯಿತು. ಒತ್ತಡವೇ ಶತ್ರುವೆಂದು ಗೊತ್ತಾಯಿತು.

ಆದರೆ ಇದೇ ಒತ್ತಡ ಮತ್ತೊಂದೆಡೆ ಮಿತ್ರನಾಗಿ ಬಂದಿತು. ಸೊಂಟದ ಅಥವಾ ಮೊಣಕಾಲಿನ ಶಸ್ತ್ರಚಿಕಿತ್ಸೆಯಾದವರ ಕಾಲಿನ ಅಭಿಧಮನಿಗಳಲ್ಲಿ ರಕ್ತ ಹೆಪ್ಪುಗಟ್ಟಿ, ಆ ಹೆಪ್ಪು ಶ್ವಾಸಕೋಶಕ್ಕೆ ಹರಿದರೆ ಪ್ರಾಣಕ್ಕೇ ಅಪಾಯ. ಅಮೆರಿಕದಲ್ಲಿ ನೆಲೆಸಿದ್ದ ಕಾನ್ರಾಡ್ ಜಾಬ್ಸ್ಟ್ ಎಂಬ ಎಂಜಿನಿಯರರಿಗೆ ಅಭಿಧಮನಿಗಳ ದೋಷದಿಂದ ಕಾಲುನೋವಿತ್ತು. ಈಜುಕೊಳದಲ್ಲಿ ನಿಂತಾಗ ಅದು ಶಮನವಾಗುತ್ತಿತ್ತು. ನೀರಿನ ಒತ್ತಡ ಪಾದದ ಬಳಿ ಹೆಚ್ಚು, ಮೇಲೇರಿದಂತೆ ಕಡಿಮೆ. 1950ರ ಸುಮಾರಿಗೆ ಇದೇ ತತ್ತ್ವದ ಮೇಲೆ ಅವರು ಕಾಲುಚೀಲ ರೂಪಿಸಿದರು. ಕಣಕಾಲಿನಲ್ಲಿ 18, ತೊಡೆಯ ಮೇಲ್ಭಾಗದಲ್ಲಿ 8 ಮಿಲಿಮೀಟರ್ ಪಾದರಸದಷ್ಟು ಒತ್ತಡ ತಕ್ಕದ್ದೆಂದು 1975ರ ಒಂದು ಅಧ್ಯಯನ ತೋರಿಸಿತು.

ಮಿತ್ರನು ಮತ್ತೆ ಶತ್ರುವಾಗಲು ಒಂದು ಸುಕ್ಕು ಸಾಕು. ಅಳತೆ ತಪ್ಪಿದರೆ, ಮೇಲಿನ ಅಂಚು ಸುರುಳಿಯಾದರೆ, ರಕ್ಷಣೆಗೆಂದು ತೊಡಿಸಿದ ಚೀಲವೇ ಹಿಮ್ಮಡಿಯನ್ನೋ ಮೀನಖಂಡವನ್ನೋ ಒತ್ತಿ ಹುಣ್ಣು ಮಾಡುತ್ತದೆ. 2009ರಲ್ಲಿ ಪ್ರಕಟವಾದ, ಪಾರ್ಶ್ವವಾಯು ಪೀಡಿತರಾದ 2,500ಕ್ಕೂ ಹೆಚ್ಚು ಮಂದಿಯ ಪರೀಕ್ಷೆಯಲ್ಲಿ, ತೊಡೆಯವರೆಗಿನ ಚೀಲ ತೊಟ್ಟ ನೂರರಲ್ಲಿ ಐವರಿಗೆ ಚರ್ಮದ ತೊಂದರೆಯಾಯಿತು. ತೊಡದವರಲ್ಲಿ ಅದು ನೂರಕ್ಕೆ ಒಬ್ಬರಿಗೆ. ಮೇಲಾಗಿ, ಹೆಪ್ಪುಗಟ್ಟುವುದು ಗಣನೀಯವಾಗಿ ತಗ್ಗಲೂ ಇಲ್ಲ. ಅವರು ಮೂಳೆ ಶಸ್ತ್ರಚಿಕಿತ್ಸೆಯ ರೋಗಿಗಳಲ್ಲ, ನಿಜ. ಆದರೆ ಎಚ್ಚರಿಕೆ ಎಲ್ಲರಿಗೂ ಸಲ್ಲುವಂಥದು.

ಆದ್ದರಿಂದಲೇ ಕಾಲನ್ನು ಟೇಪಿನಿಂದ ಅಳೆದು ಚೀಲ ಆರಿಸಬೇಕು. ಬಾವು ಬಂದರೆ ಮತ್ತೆ ಅಳೆಯಬೇಕು. ದಿನವೂ ಕಳಚಿ ಹಿಮ್ಮಡಿಯನ್ನು ನೋಡಬೇಕು. ಅಪಧಮನಿಗಳು ಕಿರಿದಾದವರಿಗೆ, ಸಕ್ಕರೆ ಕಾಯಿಲೆಯಿಂದ ಪಾದ ಜೋಮು ಹಿಡಿದವರಿಗೆ ವೈದ್ಯರನ್ನು ಕೇಳದೆ ತೊಡಿಸಲೇಬಾರದು. ನೋವೇ ತಿಳಿಯದ ಕಾಲು ದೂರು ಹೇಳುವುದಿಲ್ಲ. ಅದರ ಪರವಾಗಿ ನೋಡಬೇಕಾದದ್ದು ಶುಶ್ರೂಷೆ ಮಾಡುವವರ ಕಣ್ಣು.