ಕಾಗೆ ಕೂತದ್ದಕ್ಕೇ ಹಣ್ಣು ಬಿತ್ತೇ?

ಪುತ್ತೂರು, ಸುಳ್ಯ, ಕಡಬದ ಕಡೆ ಮಳೆಗಾಲದಲ್ಲಿ ಇಬ್ಬರು ಅಡಿಕೆ ಕೃಷಿಕರು ಎದುರಾದರೆ ಮಾತು ಮದ್ದಿಗೇ ಬಂದು ನಿಲ್ಲುತ್ತದೆ.

"ಎರಡು ಸಲ ಮದ್ದು ಬಿಟ್ಟಾಯ್ತು. ಆದರೂ ಮಹಾಳಿ ಬಂತು ಮಾರಾಯ್ರೆ. ಈ ಸಲದ ಮೈಲುತುತ್ತೇ ಸರಿ ಇಲ್ಲ."

"ಹಾಗೆ ಹೇಳ್ಲಿಕ್ಕಾಗುದಿಲ್ಲ. ನಾನು ತಂದದ್ದೂ ಅದೇ ಅಂಗಡಿಯಿಂದ. ನನ್ನ ತೋಟಕ್ಕೆ ಏನೂ ಆಗ್ಲಿಲ್ಲ."

ಎರಡೇ ಮಾತು. ಒಬ್ಬರು ಕಾರಣ ಹೇಳಿದರು, ಇನ್ನೊಬ್ಬರು ಪ್ರತಿ ಉದಾಹರಣೆ ಕೊಟ್ಟು ಅದನ್ನು ಬೀಳಿಸಿದರು. ನಮ್ಮ ಆಫೀಸಿನಲ್ಲಿ ಇದಕ್ಕೆ 'ರೂಟ್ ಕಾಸ್ ಅನಾಲಿಸಿಸ್' ಎಂದು ಹೆಸರಿಟ್ಟು, ಒಂದು ಗಂಟೆ ಮೀಟಿಂಗ್ ಮಾಡುತ್ತೇವೆ. ಊರಲ್ಲಿ ಅದು ರಸ್ತೆ ಬದಿಯಲ್ಲೇ ಮುಗಿಯುತ್ತದೆ. ದಿನನಿತ್ಯದ ತರ್ಕ ಎಷ್ಟು ದೂರ ಕರೆದೊಯ್ಯುತ್ತದೆ, ಎಲ್ಲಿ ಕೈಬಿಡುತ್ತದೆ ಎಂದು ನೋಡಲು ಈ ಮದ್ದಿನ ಚರಿತ್ರೆಯಷ್ಟು ಒಳ್ಳೆಯ ದಾರಿ ನನಗೆ ಬೇರೆ ಕಂಡಿಲ್ಲ.

ಮಹಾಳಿ ಎಂದರೆ ಕೊಳೆರೋಗ. ಜಡಿಮಳೆಯಲ್ಲಿ ಎಳೆ ಅಡಿಕೆ ಕೊಳೆತು ಉದುರುತ್ತದೆ. ಮದ್ದು ಬರುವ ಮೊದಲು ಮಲೆನಾಡಿನವರು ಗೊನೆಗಳಿಗೆ ಕೊಟ್ಟೆ ಕಟ್ಟುತ್ತಿದ್ದರು, ಅಂದರೆ ಮಳೆನೀರು ತಾಗದ ಹಾಗೆ ಹೊದಿಕೆ. ಮಳೆ ಬಂದರೆ ಕೊಳೆಯುತ್ತದೆ, ಹಾಗಾಗಿ ಮಳೆ ತಾಗದಿದ್ದರೆ ಕೊಳೆಯುವುದಿಲ್ಲ ಎಂಬುದು ಅವರ ಲೆಕ್ಕ. ಕಾರಣ ಅರ್ಧವೇ ಗೊತ್ತಿತ್ತು, ಉಪಾಯ ಮಾತ್ರ ಕೆಲಸ ಮಾಡುತ್ತಿತ್ತು. ಪೂರ್ತಿ ಅರ್ಥವಾದ ಮೇಲೆಯೇ ಕೈ ಹಾಕುತ್ತೇನೆ ಎಂದು ಕೂತಿದ್ದರೆ ಅವರ ಅಡಿಕೆ ಉಳಿಯುತ್ತಿರಲಿಲ್ಲ.

ಉಳಿದರ್ಧ ಗೊತ್ತಾಗುವ ದಾರಿ ಫ್ರಾನ್ಸಿನಿಂದ ಶುರುವಾಯಿತು. 1882ರಲ್ಲಿ ಬೋರ್ಡೋ ಪಕ್ಕದ ಮೆಡಾಕ್ ಪ್ರದೇಶದಲ್ಲಿ ದ್ರಾಕ್ಷಿಗೆ ಬೂಜುರೋಗ ಬಂದು ಎಲೆಗಳೆಲ್ಲ ಉದುರುತ್ತಿದ್ದವು. ಸಸ್ಯವಿಜ್ಞಾನಿ ಮಿಲಾರ್ಡೆ ಅಲ್ಲಿ ಹೋಗುವಾಗ ರಸ್ತೆ ಬದಿಯ ಬಳ್ಳಿಗಳು ಮಾತ್ರ ಹಸಿರಾಗಿರುವುದನ್ನು ಕಂಡ. ದಾರಿಹೋಕರು ಹಣ್ಣು ಕದಿಯಬಾರದು, ನೋಡಿದರೆ ವಿಷ ಎನ್ನಿಸಬೇಕು ಎಂದು ತೋಟದವರು ಅವಕ್ಕೆ ಮೈಲುತುತ್ತು, ಸುಣ್ಣ ಕಲಸಿ ಎರಚಿದ್ದರು.

ನಮ್ಮ ನ್ಯಾಯಶಾಸ್ತ್ರದಲ್ಲಿ ಇದಕ್ಕೆ ಎರಡು ಮಾತಿವೆ. ಒಂದು ಕಾಕತಾಳೀಯ. ಕಾಗೆ ತಾಳೆಮರದ ಮೇಲೆ ಕೂತಿತು, ಅದೇ ಹೊತ್ತಿಗೆ ಹಣ್ಣು ಬಿತ್ತು. ಕಾಗೆ ಕೂತದ್ದಕ್ಕೇ ಬಿತ್ತು ಎನ್ನಬೇಡಿ ಎಂಬ ಎಚ್ಚರಿಕೆ ಅದು. ಇನ್ನೊಂದು ಅನ್ವಯ-ವ್ಯತಿರೇಕ. ಇದು ಇದ್ದಲ್ಲಿ ಅದು ಇದೆ, ಇದು ಇಲ್ಲದಲ್ಲಿ ಅದು ಇಲ್ಲ ಎಂದು ಎರಡೂ ಕಡೆಯಿಂದ ನೋಡುವುದು. ರಸ್ತೆ ಬದಿಯ ಬಳ್ಳಿ ಹಸಿರಾಗಿ ಉಳಿಯಲು ಬಿಸಿಲೋ ಗಾಳಿಯೋ ಕಾರಣವಾಗಿರಬಹುದಿತ್ತು. ಹಾಗಾಗಿ ಮಿಲಾರ್ಡೆ ಕಂಡದ್ದನ್ನೇ ನಂಬಿ ಸುಮ್ಮನಾಗಲಿಲ್ಲ. ಪ್ರಯೋಗ ಮಾಡಿ ನೋಡಿ, 1885ರಲ್ಲಿ ಪ್ರಕಟಿಸಿದ. ಅದೇ ಬೋರ್ಡೋ ದ್ರಾವಣ.

ಇದನ್ನು ಅಡಿಕೆಯ ಕಡೆಗೆ ತಂದವನು ಲೆಸ್ಲಿ ಕೋಲ್ಮನ್. ಕೆನಡಾದ ಈ ಸಸ್ಯರೋಗ ತಜ್ಞ 1908ರಲ್ಲಿ ಮೈಸೂರು ಸಂಸ್ಥಾನದ ಕೆಲಸಕ್ಕೆ ಸೇರಿದ. 1910ರಲ್ಲಿ ಕೊಳೆರೋಗದ ಬಗ್ಗೆ ಅವನ ವರದಿ ಬಂತು. ರೋಗಕ್ಕೆ ಕಾರಣ ಫೈಟಾಫ್ತೊರ ಎಂಬ ರೋಗಾಣು, ಗೊನೆಗೆ ಬೋರ್ಡೋ ಸಿಂಪಡಿಸಿದರೆ ತಡೆಯಬಹುದು ಎಂದು ತೋರಿಸಿದ. ದ್ರಾಕ್ಷಿಯ ಬೂಜೂ ಅಡಿಕೆಯ ಮಹಾಳಿಯೂ ರೋಗಾಣುಗಳ ಲೋಕದಲ್ಲಿ ನೆಂಟರು, ಅದಕ್ಕೇ ಅಲ್ಲಿಯ ಮದ್ದು ಇಲ್ಲಿಗೂ ಆಗಿಬಂತು.

ಇಂದಿಗೂ ಲೆಕ್ಕ ಅದೇ: ಒಂದು ಕಿಲೋ ಮೈಲುತುತ್ತು, ಒಂದು ಕಿಲೋ ಸುಣ್ಣ, ನೂರು ಲೀಟರ್ ನೀರು. ಹದ ನೋಡಲು ನಮ್ಮಲ್ಲಿ ಕತ್ತಿಯ ಅಲಗನ್ನು ದ್ರಾವಣದಲ್ಲಿ ಅದ್ದುತ್ತಾರೆ. ಅಲಗಿನ ಮೇಲೆ ಕೆಂಪು ಕೂತರೆ ತಾಮ್ರ ಇನ್ನೂ ಬಿಡಿಯಾಗಿದೆ ಎಂದರ್ಥ, ಸುಣ್ಣ ಸೇರಿಸಬೇಕು. ಮಿಲಾರ್ಡೆಯ ಹೆಸರೇ ಕೇಳದ ನಮ್ಮಜ್ಜ ಇದನ್ನು ಪ್ರತಿ ಬ್ಯಾರೆಲಿಗೂ ಮಾಡುತ್ತಿದ್ದರು. ನಾವು ಕೋಡಿಗೆ ಬರೆಯುವ ಯೂನಿಟ್ ಟೆಸ್ಟ್ ಬೇರೆಂತ ಅಲ್ಲ.

ಈಗ ಮೊದಲಿನ ಇಬ್ಬರ ಜಗಳಕ್ಕೆ ಬರೋಣ. ತಾಮ್ರ ರೋಗಾಣುವಿನ ಬೀಜಕ ಮೊಳೆಯದಂತೆ ತಡೆಯುತ್ತದೆ, ಕೊಳೆತ ಕಾಯಿಯನ್ನು ಗುಣಪಡಿಸುವುದಿಲ್ಲ. ಹಾಗಾಗಿ 'ಮದ್ದು ಬಿಟ್ಟೆ, ಆದರೂ ಬಂತು' ಎಂದರೆ ಮದ್ದು ಸುಳ್ಳು ಎಂದಾಗುವುದಿಲ್ಲ. ತಡವಾಗಿ ಬಿಟ್ಟಿರಬಹುದು, ಹದ ತಪ್ಪಿರಬಹುದು, ಒಣಗುವ ಮೊದಲೇ ಮಳೆ ಹೊಯ್ದಿರಬಹುದು. ಸರಿ. ಆದರೆ ರೋಗ ಬಂದಾಗೆಲ್ಲ 'ಬಿಟ್ಟ ಕ್ರಮ ಸರಿ ಇಲ್ಲ' ಎಂದೂ, ಬಿಡದವರ ತೋಟ ಉಳಿದರೆ 'ಅದೃಷ್ಟ' ಎಂದೂ ಹೇಳುತ್ತಾ ಹೋದರೆ ಆ ಮದ್ದು ಯಾವತ್ತೂ ಸೋಲುವುದೇ ಇಲ್ಲ! ಯಾವತ್ತೂ ಸೋಲದ ವಾದ ಏನನ್ನೂ ಹೇಳುವುದೂ ಇಲ್ಲ. ನಿಜ ತಿಳಿಯಬೇಕಾದರೆ ಕೆಲವು ಮರಗಳಿಗೆ ಮದ್ದು ಬಿಡದೆ ನೋಡಬೇಕು. ತರ್ಕಕ್ಕಾಗಿ ತನ್ನ ಗೊನೆ ಉದುರಲಿ ಎಂದು ಬಿಡುವವರು ಯಾರು? ಪುತ್ತೂರಿನ ಪಕ್ಕದ ವಿಟ್ಲದಲ್ಲಿ 1956ರಲ್ಲಿ ಶುರುವಾದ ಅಡಿಕೆ ಸಂಶೋಧನಾ ಕೇಂದ್ರದಂಥವು ಬೇಕಾಗುವುದು ಇದಕ್ಕೇ. ಒಬ್ಬ ಕೃಷಿಕನಿಗೆ ತಾಳಲಾಗದ ಪ್ರಯೋಗದ ಖರ್ಚನ್ನು ಎಲ್ಲರ ಪರವಾಗಿ ಹೊರಲು.

ಇಲ್ಲಿಯವರೆಗಿನದು ತರ್ಕ ಗೆದ್ದ ಕತೆ. ಇನ್ನೊಂದು ರೋಗ ಉಂಟು.

ಸುಳ್ಯದ ಸಂಪಾಜೆ, ಅರಂತೋಡು, ತೊಡಿಕಾನ, ಮರ್ಕಂಜದ ಕಡೆ ಹೋದರೆ ಹಳದಿ ಎಲೆ ರೋಗದ ತೋಟಗಳು ಕಾಣುತ್ತವೆ. ಸೋಗೆ ಹಳದಿಯಾಗುತ್ತದೆ, ತಲೆ ಕಿರಿದಾಗುತ್ತದೆ, ಫಸಲು ವರ್ಷವರ್ಷಕ್ಕೆ ಇಳಿಯುತ್ತದೆ. ಕೇರಳದಲ್ಲಿ ಇದು ದಾಖಲಾದದ್ದು 1914ರಲ್ಲಿ. ಮಣ್ಣು ಸರಿ ಇಲ್ಲ, ನೀರು ನಿಲ್ಲುತ್ತದೆ, ಗೊಬ್ಬರ ಕಡಿಮೆಯಾಯಿತು, ಹೀಗೆ ಎಷ್ಟೋ ವಾದಗಳು. ಒಂದೊಂದು ವಾದವೂ ಒಳಗಿನಿಂದ ಸರಿಯಾಗಿಯೇ ಇತ್ತು. ಆದರೆ ವಾದ ಎಷ್ಟೇ ಗಟ್ಟಿ ಇರಲಿ, ಶುರುಮಾಡಿದ ಮಾಹಿತಿ ತಪ್ಪಾದರೆ ಕೊನೆಯೂ ತಪ್ಪೇ. ಅರ್ಧ ಶತಮಾನ ಕಳೆದ ಮೇಲೆ, ಎಲೆಕ್ಟ್ರಾನ್ ಮೈಕ್ರೋಸ್ಕೋಪ್ ಬಂದ ಕಾಲಕ್ಕೆ, ಮರದ ಆಹಾರನಾಳಗಳಲ್ಲಿ ಫೈಟೋಪ್ಲಾಸ್ಮಾ ಎಂಬ ಸೂಕ್ಷ್ಮಜೀವಿ ಕಂಡಿತು. ಯೋಚಿಸಿ ಯೋಚಿಸಿ ಅದನ್ನು ಊಹಿಸಲು ಯಾರಿಂದಲೂ ಆಗುತ್ತಿರಲಿಲ್ಲ, ಕಣ್ಣಿಗೇ ಬೀಳಬೇಕಿತ್ತು. ಅದನ್ನು ಹರಡುವ ಜಿಗಿಹುಳುವೂ ಗೊತ್ತಾಯಿತು. ಆದರೆ ಕಾರಣ ಗೊತ್ತಾದರೂ ಮದ್ದು ಇಲ್ಲ. ಬಗ್ ಎಲ್ಲಿದೆ ಎಂದು ತಿಳಿದರೆ ಅರ್ಧ ಕೆಲಸ ಮುಗಿಯಿತು ಎನ್ನುವ ನಮ್ಮಂಥವರಿಗೆ ಇದು ಜೀರ್ಣವಾಗುವುದು ಕಷ್ಟ.

ಆದರೂ ಹಳೆಯ ದಾರಿ ಪೂರ್ತಿ ಮುಚ್ಚಿಲ್ಲ. ಹಳದಿಯಾದ ತೋಟಗಳ ನಡುವೆ ಅಲ್ಲೊಂದು ಇಲ್ಲೊಂದು ಮರ ಹಸಿರಾಗಿಯೇ ನಿಂತಿರುತ್ತದೆ, ಮಿಲಾರ್ಡೆ ಕಂಡ ರಸ್ತೆ ಬದಿಯ ಬಳ್ಳಿಗಳಂತೆ. ಸಂಶೋಧಕರು ಅಂಥ ಮರಗಳಿಂದ ಸಸಿ ಬೆಳೆಸಿ ನೋಡುತ್ತಿದ್ದಾರೆ. ಆ ಮರಕ್ಕೆ ನಿಜವಾಗಿ ತಡೆಯುವ ಶಕ್ತಿ ಇದೆಯೋ, ಇಲ್ಲಾ ಬರೀ ಕಾಕತಾಳೀಯವೋ? ಉತ್ತರ ಸಿಗಲು ವರ್ಷಗಳು ಬೇಕು. ಬ್ಯಾಂಕಿನ ಕಂತು ಅಷ್ಟು ಕಾಯುವುದಿಲ್ಲ.

ಹಾಗಾಗಿ ಅಲ್ಲಿಯವರು ಉತ್ತರ ಸಿಗುವ ಮೊದಲೇ ತೀರ್ಮಾನ ಮಾಡುತ್ತಿದ್ದಾರೆ. ಕೆಲವರು ರಬ್ಬರ್ ಹಾಕಿದರು, ಕೆಲವರು ಮತ್ತೆ ಅಡಿಕೆಯನ್ನೇ ನೆಟ್ಟರು. ಬೆಂಗಳೂರಿನಲ್ಲಿ ಕೂತು ಎಕ್ಸೆಲ್ ಶೀಟ್ ತೆರೆದು, 'ಅಪ್ಪಾ, ಅಡಿಕೆ ತೆಗೆದುಬಿಡಿ' ಎಂದು ಫೋನಿನಲ್ಲಿ ಹೇಳುವುದು ಸುಲಭ. ಲೆಕ್ಕದಲ್ಲಿ ತಪ್ಪಿರುವುದಿಲ್ಲ. ಆದರೆ ಹೊಸ ಗಿಡ ಫಲ ಕೊಡುವ ತನಕ ಮನೆ ನಡೆಯುವುದು ಹೇಗೆ, ಅರುವತ್ತೈದು ದಾಟಿದವರು ಯಾವ ಕೆಲಸವನ್ನು ಹೊಸತಾಗಿ ಕಲಿಯಬಲ್ಲರು, ಬೇಸಗೆಯಲ್ಲಿ ತೋಡಿನಲ್ಲಿ ನೀರು ಎಷ್ಟು ದಿನ ಇರುತ್ತದೆ ಎಂಬ ಕಾಲಮ್‌ಗಳು ಆ ಶೀಟಿನಲ್ಲಿ ಇಲ್ಲ. ಅವು ಗೊತ್ತಿರುವುದು ಫೋನಿನ ಆ ತುದಿಯಲ್ಲಿ ಇರುವವರಿಗೆ. ವಾದಕ್ಕೆ ಇಳಿಯುವ ಮೊದಲು ಅವರನ್ನು ಅದನ್ನು ಕೇಳಬಹುದು.